ಜೀರ್ಣೋದ್ಧಾರವೆಂದರೆ ಏನು?
(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

ಹಳೆಯ ಕಟ್ಟಡಗಳನ್ನೂ ಕೇರಿಗಳನ್ನೂ ಉಳಿಸಲು ದುಡಿಯುವ ಸಂಸ್ಥೆಗಳನ್ನು ಕುರಿತು ಮಾತನಾಡಬೇಕೆಂದು ಅಪ್ಪಣೆಯಾಗಿದೆ. ಈ ವಿಷಯವು ಈ ಹೊತ್ತಿಗೆ ತಕ್ಕದ್ದೇ ಆಗಿದೆ. ಮಹೋತ್ಸವದ ನೆನಪಿಗಾಗಿ ನಮ್ಮ ಮಠದ ಮುಂಗಡೆಯ ಹಳೆಯ ಚಾವಡಿಯನ್ನು ಇಳಿಸಿ, ಅಲ್ಲಿ ಕಾಂಕ್ರೀಟಿನ ಸಭಾಭವನವನ್ನು ಎಬ್ಬಿಸಬೇಕೆಂಬ ಸೂಚನೆಯು ಕೆಲವು ಭಕ್ತರಿಂದ ಬಂದಿರುವುದು ತಮಗೆಲ್ಲರಿಗೂ ತಿಳಿದೇ ಇದೆ. ಸೂಚಿಸಿದವರ ಭಕ್ತಿಯಲ್ಲಿ ನನಗೆ ಲೇಶವೂ ಸಂದೇಹವಿಲ್ಲ. ಆದರೆ ಆ ಕೆಲಸಕ್ಕೆ ಅವರು ಇಟ್ಟಿರುವ ‘ಜೀರ್ಣೋದ್ಧಾರ’ವೆಂಬ ಹೆಸರನ್ನು ಮಾತ್ರ ಒಪ್ಪಲಾರೆನು.

ಮಯಮತವೆಂಬ ವಾಸ್ತುಗ್ರಂಥದಲ್ಲಿ ಜೀರ್ಣವಾದ ಆಲಯವನ್ನು ಸರಿಪಡಿಸುವ ವಿಧಿಗಾಗಿಯೇ ಒಂದು ಅಧ್ಯಾಯವುಂಟು. ಯಾವ ಕಟ್ಟಡದ ಮುಖ್ಯಾಂಗಗಳಲ್ಲಿ ಮೊದಲಿನ ಲಕ್ಷಣವು ಇನ್ನೂ ಕಾಣುತ್ತಿರುವುದೋ ಅದನ್ನು ಅದರದೇ ದ್ರವ್ಯಗಳಿಂದ, ಅದರದೇ ಅಳತೆಯಲ್ಲಿ, ಇಲ್ಲದ್ದನ್ನು ಕೂಡಿಸದೆ, ಬಲ್ಲವರನ್ನು ಕೇಳಿ ಸರಿಪಡಿಸಬೇಕೆಂಬುದು ಅದರ ಅಭಿಪ್ರಾಯ. ಉದ್ಧರಿಸುವುದೆಂದರೆ ಮೇಲಕ್ಕೆತ್ತುವುದು. ಬಾವಿಗೆ ಬಿದ್ದವನನ್ನು ಎತ್ತುವವನು ಅವನನ್ನು ಅಲ್ಲಿಯೇ ಬಿಟ್ಟು ಬೇರೊಬ್ಬನನ್ನು ಮನೆಗೆ ಕರೆತಂದರೆ ಅದು ಉದ್ಧಾರವಾಗುವುದಿಲ್ಲ. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸನು 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆಂದು ಒಂದು ಸಂಘವನ್ನು ಕಟ್ಟಿದಾಗ ಹೇಳಿದ ಮಾತಿನ ತಾತ್ಪರ್ಯವೂ ಇದೇ: ಹೊಸತುಮಾಡುವ ಹಂಬಲವನ್ನು ಬಿಟ್ಟು ದಿನದಿನದ ದುರಸ್ತಿಯನ್ನು ಮಾಡಿರಿ ಎಂದು. ನಮ್ಮ ದೇಶದಲ್ಲಿ 1984ರಲ್ಲಿ ಹುಟ್ಟಿದ ಇಂಟ್ಯಾಕ್ ಸಂಸ್ಥೆಯು 2004ರಲ್ಲಿ ಹೊರಡಿಸಿದ ಸನ್ನದಿನಲ್ಲಿ ಮಯಮತದ ಈ ವಿಧಿಯನ್ನೇ ನೆನೆದಿದೆ. ಪಾಠಶಾಲೆಯಲ್ಲಿ ಓದಿದವನಿಗೆ ಇದು ಸಂತೋಷದ ಸಂಗತಿಯಲ್ಲವೆ!

ಇನ್ನು ನಮ್ಮ ಸೀಮೆಯ ಕಡೆಗೆ ಬರೋಣ. ಕಟ್ಟಡಗಳನ್ನು ಕಾಯುವ ಸಂಸ್ಥೆಯೆಂಬುದು ಈಚಿನ ಕಲ್ಪನೆಯೆಂದು ಅನೇಕರು ತಿಳಿದಿರುವರು. ಬಾರಕೂರು, ಬಸರೂರುಗಳ ಶಾಸನಗಳನ್ನು ನೋಡಿದವರು ಹಾಗೆ ಹೇಳಲಾರರು. ಕೇರಿಯ ಹಲರು, ಸೆಟ್ಟಿಕಾರರು, ನಖರ, ಹಂಜಮಾನ ಎಂಬ ಹೆಸರುಗಳು ಅಲ್ಲಿ ಬರುತ್ತವೆ. ಇವು ವರ್ತಕರ ಮತ್ತು ನಿವಾಸಿಗಳ ಕೂಟಗಳು. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂದು ಬಾರಕೂರಿನ ಕೇರಿಗಳಿಗೆ ಇಂದಿಗೂ ಹೆಸರಿದೆ. ಕೇರಿಯೆಂದರೆ ಬರಿಯ ಬೀದಿಯಲ್ಲ. ಗುಡಿ, ಕೆರೆ, ಅಂಗಡಿ, ಅವುಗಳನ್ನು ನೋಡಿಕೊಳ್ಳುವ ಜನ, ಇಷ್ಟೂ ಸೇರಿ ಕೇರಿ. ಜನರ ಕೂಟವು ಕರಗಿದ ಮೇಲೆ ಕಲ್ಲುಗಳು ಅನಾಥವಾದವು. ಆಳುಪರ ರಾಜಧಾನಿಯಾಗಿದ್ದ ಬಾರಕೂರಿನಲ್ಲಿ ಕತ್ತಲೆ ಬಸದಿಯ ಆವರಣದಲ್ಲಿ ನಿಂತು ನೋಡಿದರೆ ಈ ಮಾತು ಮನಸ್ಸಿಗೆ ನಾಟುವುದು. ಇಂದು ಅದನ್ನು ಕಾಯುತ್ತಿರುವುದು ಸರಕಾರದ ಪುರಾತತ್ತ್ವ ಇಲಾಖೆ.

ಸರಕಾರದ ಕಾವಲು ಬೇಕು, ನಿಜ. 1904ರ ಕಾಯಿದೆ, 1958ರ ಕೇಂದ್ರ ಕಾಯಿದೆ, 1961ರ ನಮ್ಮ ರಾಜ್ಯದ ಕಾಯಿದೆ ಇವುಗಳು ಇಲ್ಲದಿದ್ದರೆ ಎಷ್ಟೋ ಕಲ್ಲುಗಳು ಮನೆಗಳ ಮೆಟ್ಟಿಲುಗಳಾಗುತ್ತಿದ್ದವು. ಆದರೆ ಕಾಯಿದೆಯು ಬೇಲಿಯನ್ನು ಹಾಕೀತು, ಮಾಡಿನ ಮೇಲೆ ಮೊಳೆತ ಅಶ್ವತ್ಥದ ಸಸಿಯನ್ನು ಅದು ಕೀಳಲಾರದು. ಬಸರೂರಿನ ತುಳುವೇಶ್ವರನ ಗುಡಿಯನ್ನು ಕಂಡವರು ಬಲ್ಲರು. ಆಲದ ಬೇರುಗಳು ಗೋಡೆಯನ್ನು ಎಷ್ಟು ಬಲವಾಗಿ ಅಪ್ಪಿರುವುವೆಂದರೆ, ಗೋಡೆಯು ಮರವನ್ನು ಹೊತ್ತಿದೆಯೋ ಮರವು ಗೋಡೆಯನ್ನು ಹೊತ್ತಿದೆಯೋ ಎಂದು ಸಂಶಯವಾಗುವುದು. ಬೆರಳಿನಷ್ಟಿದ್ದಾಗ ಒಬ್ಬ ಬಾಲಕನೂ ಕಿತ್ತೆಸೆಯಬಹುದಾಗಿದ್ದ ಸಸಿಯದು. ಈಗ ಅದನ್ನು ಕಡಿಯುವುದೆಂದರೆ ಗುಡಿಯನ್ನೇ ಕೆಡಹಿದಂತೆ.

ಈ ಕೊರತೆಯನ್ನು ತುಂಬಲು 1991ರಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ಆರಂಭವಾಯಿತು. ನಾಡಿನ ನೂರಾರು ಪ್ರಾಚೀನ ದೇವಾಲಯಗಳನ್ನು ಅದು ಎತ್ತಿ ನಿಲ್ಲಿಸಿದೆ. ಸರಕಾರದೊಡನೆ ಕೂಡಿ ಮಾಡುವ ಕೆಲಸಗಳಲ್ಲಿ ಅದರ ಕ್ರಮ ಹೀಗಿದೆ: ವೆಚ್ಚದಲ್ಲಿ ನೂರಕ್ಕೆ 40 ಸರಕಾರದ್ದು, 40 ಟ್ರಸ್ಟಿನದು, ಉಳಿದ 20 ಊರವರದು. ನನ್ನ ಎಣಿಕೆಯಲ್ಲಿ ಆ 20 ಪಾಲೇ ಎಲ್ಲಕ್ಕಿಂತ ಹಿರಿದು. ತನ್ನ ಗಂಟಿನಿಂದ ಕೊಟ್ಟವನು ಮುಂದಿನ ಮಳೆಗಾಲದಲ್ಲಿ ಮಾಡಿನ ಕಡೆಗೆ ಕತ್ತೆತ್ತಿ ನೋಡಿಯೇ ನೋಡುತ್ತಾನೆ. ಹಿಂದಿನ ಹಲರು ಮಾಡುತ್ತಿದ್ದ ಕೆಲಸವು ಹೀಗೆ ಮರಳಿ ಊರಿನ ಕೈಗೆ ಬರುತ್ತದೆ.

ಮಣಿಪಾಲದ ವಿಜಯನಾಥ ಶೆಣೈಯವರದು ಬೇರೊಂದು ದಾರಿ. 2017ರಲ್ಲಿ ದಿವಂಗತರಾದ ಇವರು ಬ್ಯಾಂಕಿನ ಉದ್ಯೋಗದಲ್ಲಿದ್ದವರು. ಕೆಡಹಲೆಂದು ಗೊತ್ತುಮಾಡಿದ ಹಳೆಯ ಮನೆಗಳನ್ನು ಕೊಂಡು, ತೊಲೆ ಕಂಬ ಬಾಗಿಲುಗಳನ್ನು ಒಂದೊಂದಾಗಿ ಬಿಚ್ಚಿಸಿ, ಹಸ್ತಶಿಲ್ಪ ಪರಂಪರೆಯ ಗ್ರಾಮದಲ್ಲಿ ಅವನ್ನು ಮತ್ತೆ ಜೋಡಿಸಿದರು. ನಮ್ಮ ಕುಂದಾಪುರ ಸೀಮೆಯ ಹರ್ಕೂರು ಒಳಗಿನಮನೆಯು ಅಲ್ಲಿದೆ. ವೀರಶೈವ ಜಂಗಮ ಮಠವೊಂದೂ ಅಲ್ಲಿದೆ. ಆ ಮಹಾಶಯರು ಕೈಹಾಕದಿದ್ದರೆ ಆ ಮರವೆಲ್ಲವೂ ಬಿಡಿಬಿಡಿಯಾಗಿ ಮಾರಾಟವಾಗುತ್ತಿತ್ತು. ಅವರಿಗೆ ನಾವು ಋಣಿಗಳು. ಆದರೂ ಒಂದು ಮಾತನ್ನು ಹೇಳದೆ ಇರಲಾರೆ. ಆ ಮಠದಲ್ಲಿ ದಾಸೋಹದ ಒಲೆಯು ಉರಿಯುವುದಿಲ್ಲ, ಜಂಗಮರ ಪಾದಪೂಜೆಯು ನಡೆಯುವುದಿಲ್ಲ. ಅದು ನೋಡುವವರಿಗಾಗಿ ಉಳಿದ ಮಠ. ಬೇರೆ ಗತಿಯಿಲ್ಲದಾಗ ಹಿಡಿಯತಕ್ಕ ದಾರಿ. ನಮಗೆ ಬೇರೆ ಗತಿಯುಂಟು.

ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಸಾರಿದ ಶರಣರ ಮಾರ್ಗದವರು ಕಲ್ಲುಮರಗಳಿಗಾಗಿ ಇಷ್ಟು ಮರುಗುವುದೇಕೆಂದು ಕೆಲವರು ಕೇಳಿದ್ದಾರೆ. ಪ್ರಶ್ನೆಯು ತಕ್ಕದ್ದೇ. ಆದರೆ ಹಳೆಯ ಸ್ಥಾವರವನ್ನು ಕೆಡಹಿ ಹೊಸ ಸ್ಥಾವರವನ್ನು ಕಟ್ಟುವವರ ಬಾಯಲ್ಲಿ ಆ ಪ್ರಶ್ನೆಯು ಒಪ್ಪುವುದಿಲ್ಲ! ಈ ಕರಾವಳಿಯನ್ನು 1763ರವರೆಗೆ ಆಳಿದ ಕೆಳದಿಯ ಅರಸರು ವೀರಶೈವರು. ಮಠಗಳನ್ನು ಕಟ್ಟಿಸಿದ ಆ ಮನೆತನವೇ ಕೊಲ್ಲೂರಿನ ಮೂಕಾಂಬಿಕೆಯ ಆಲಯವನ್ನೂ ನೋಡಿಕೊಂಡಿತು. ಚೆನ್ನಮ್ಮಾಜಿಯ ಅಪ್ಪಣೆಯಂತೆ ವೀರಸಂಗಯ್ಯನೆಂಬ ನಾಯಕನು ಆಲಯದ ಒಳಗೆ ಕಲ್ಲುಹಾಸನ್ನು ಹಾಕಿಸಿದನೆಂದು ಅಲ್ಲಿಯ ಪ್ರತೀತಿ. ಅವರು ಹಳೆಯದನ್ನು ಬಲಪಡಿಸಿ ಮುಂದಿನವರಿಗೆ ಒಪ್ಪಿಸಿದರು.

ಈಗ ಗಾರೆಕೆಲಸದ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಭಕ್ತಿಯಿಂದ ಆಗುವ ಕೇಡೆಲ್ಲ ಅಲ್ಲಿಯೇ ಇದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ನಮ್ಮ ಗೋಡೆಗಳು ಕೆಂಪುಕಲ್ಲಿನವು. ಆ ಕಲ್ಲು ನೀರನ್ನು ಕುಡಿಯುವುದು, ಬಿಸಿಲಿಗೆ ಬಿಡುವುದು. ಹಿರಿಯರು ಅದಕ್ಕೆ ಚಿಪ್ಪಿನ ಸುಣ್ಣದ ಗಾರೆಯನ್ನು ಬಳಿದರು. ಸುಣ್ಣವು ಕಲ್ಲಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಇಂದಿನವರು ಗಟ್ಟಿಯಾಗಲೆಂದು ಸಿಮೆಂಟನ್ನು ಮೆತ್ತುವರು. ಒಳಗೆ ಸಿಕ್ಕಿದ ನೀರಿಗೆ ಹೊರದಾರಿ ಇಲ್ಲದೆ ಕಲ್ಲು ಒಳಗೊಳಗೇ ಪುಡಿಯಾಗುವುದು, ಕೆಲವು ವರ್ಷಗಳಲ್ಲಿ ಮೆತ್ತಿದ್ದೆಲ್ಲ ಹಪ್ಪಳದಂತೆ ಎದ್ದು ಬರುವುದು. ಆಗ, ಕಟ್ಟಡವೇ ಹಳತಾಯಿತು, ಕೆಡಹೋಣ ಎನ್ನುತ್ತಾರೆ. ಶಿಲೆಗಳಿಗೆ ಎಣ್ಣೆಬಣ್ಣ ಹಚ್ಚುವವರೂ ಉಂಟು. ಬೈಂದೂರಿನ ಸೇನೇಶ್ವರನ ಆಲಯದಂತಹ ಸೂಕ್ಷ್ಮ ಕೆತ್ತನೆಯ ಮೇಲೆ ಬಣ್ಣದ ಪದರವು ಕೂತರೆ ಶಿಲ್ಪಿಯ ಉಳಿಯು ಮಾಡಿದ್ದೆಲ್ಲ ಮಾಯವಾದೀತೆಂಬುದನ್ನು ತಾವೇ ಊಹಿಸಿರಿ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಡಾ. ಪಿ. ಗುರುರಾಜ ಭಟ್ಟರು ತುಳುನಾಡಿನ ಗುಡಿಗಳನ್ನು ಊರೂರು ತಿರುಗಿ ನೋಡಿ, 1975ರಲ್ಲಿ ಇಂಗ್ಲಿಷಿನಲ್ಲಿ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದರು. ಬಳಿಕ ರೂಪವೇ ಬದಲಾದ ಗುಡಿಗಳ ವಿಷಯದಲ್ಲಿ ಅಂತಹ ಬರಹವೇ ನಮಗೆ ಉಳಿದ ಸಾಕ್ಷಿ.

ನಮ್ಮ ಚಾವಡಿಯನ್ನು ಬಡಗಿಯೊಡನೆ ಏಣಿ ಹತ್ತಿಸಿ ಪರೀಕ್ಷೆಮಾಡಿಸಿದ್ದೇನೆ. ನೈಋತ್ಯದ ಮೂಲೆಯಲ್ಲಿ ಎರಡು ತೊಲೆಗಳ ತುದಿಗೆ ಗೆದ್ದಲು ಹಿಡಿದಿದೆ, ಆ ಬದಿಯ ಪಕಾಸುಗಳು ಕೊಳೆತಿವೆ, ಹಂಚುಗಳು ಜಾರಿವೆ. ಹಲಸಿನ ಕಂಬಗಳೆಲ್ಲವೂ ಗಟ್ಟಿಯಾಗಿವೆ. ಸಭಾಭವನವು ಬೇಡವೆಂದು ನಾನು ಹೇಳುವವನಲ್ಲ. ದಾಸೋಹದ ದಿನ ತಾಯಂದಿರು ಬಿಸಿಲಿನಲ್ಲಿ ನಿಲ್ಲುವುದನ್ನು ನಾನೂ ಕಂಡಿದ್ದೇನೆ. ಅದಕ್ಕೆ ಹಿತ್ತಲಿನ ತೆಂಗಿನ ಸಾಲಿನಾಚೆ ಬಯಲು ಬಿದ್ದಿರುವ ಜಾಗವು ಸಾಲುವುದು. ಚಾವಡಿಯ ದುರಸ್ತಿಯ ಅಂದಾಜನ್ನೂ ಹೊಸ ಭವನದ ಅಂದಾಜನ್ನೂ ಬೇರೆಬೇರೆಯಾಗಿ ಬರೆಸಿ ಗುರುಗಳ ಸನ್ನಿಧಿಯಲ್ಲಿ ಇಡಬೇಕೆಂದೂ, ಅಲ್ಲಿಯವರೆಗೆ ಒಂದು ಹಂಚನ್ನೂ ಇಳಿಸಬಾರದೆಂದೂ ಕಾರ್ಯಕಾರೀ ಮಂಡಳಿಯವರಲ್ಲಿ ಬೇಡುತ್ತೇನೆ. ಗೆದ್ದಲು ಹಿಡಿದ ಆ ಎರಡು ತೊಲೆಗಳಿಗೆ ಮಾತ್ರ ಈ ಮಳೆಗಾಲಕ್ಕೆ ಮುಂಚೆಯೇ ಊರೆಗಂಬವನ್ನು ಕೊಡಿಸಬೇಕು. ಅದಕ್ಕೆ ಬೇಕಾದ ಮರವು ಮಠದ ಕೊಟ್ಟಿಗೆಯಲ್ಲಿಯೇ ಇದೆ.