ಡೊಳ್ಳಿನ ಪಕ್ಕ ಅರ್ದಾ ನಿಂತರೆ ಸಾಕೇ?

(ರಾಸ್ ಅಲ್ ಖೈರ್‌ನಲ್ಲಿ ಕೆಲಸ ಮಾಡುವ ಕನ್ನಡಿಗರ ರಾಜ್ಯೋತ್ಸವ ತಯಾರಿ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ವಾರವಿಡೀ ಶಿಫ್ಟ್ ಮುಗಿಸಿ, ಶುಕ್ರವಾರದ ನಿದ್ದೆ ಬಿಟ್ಟು ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಈ ಸಲದ ರಾಜ್ಯೋತ್ಸವದಲ್ಲಿ ನಮ್ಮ ಡೊಳ್ಳು ಕುಣಿತವನ್ನೂ ಇಲ್ಲಿಯವರ ಅರ್ದಾ ಕುಣಿತವನ್ನೂ ಒಂದೇ ವೇದಿಕೆಯಲ್ಲಿ ಬೆರೆಸೋಣ ಎಂಬ ಪ್ರಸ್ತಾಪವಿದೆ. ಅದಕ್ಕೆ ಎರಡು ಆಕ್ಷೇಪ ಬಂದಿವೆ. "ಬೆರೆಸಿದರೆ ಕನ್ನಡತನ ಕೆಡುತ್ತೆ" ಅನ್ನುವುದು ಒಂದು. "ಅಷ್ಟೆಲ್ಲ ಯಾಕೆ, ಒಂದು ಟ್ರ್ಯಾಕ್ ಹಾಕಿ ಇಬ್ಬರನ್ನೂ ಐದು ನಿಮಿಷ ಕುಣಿಸಿದರಾಯ್ತು" ಅನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ.

ಮೊದಲ ಆಕ್ಷೇಪಕ್ಕೆ ಕದ್ರಿ ಗೋಪಾಲನಾಥರೇ ಉತ್ತರ. ನಾಗಸ್ವರದ ಮನೆಯಲ್ಲಿ ಹುಟ್ಟಿದ ದಕ್ಷಿಣ ಕನ್ನಡದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಆ ವಾದ್ಯದಲ್ಲಿ ಗಮಕ ಹೊರಡಿಸಲು ವರ್ಷಗಟ್ಟಲೆ ದುಡಿದರು. 1980ರಲ್ಲಿ ಮುಂಬೈಯ ಜಾಝ್ ಯಾತ್ರಾದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಸ್ಯಾಕ್ಸೊಫೋನ್ ಕರ್ನಾಟಕ ಸಂಗೀತದ ವಾದ್ಯವೇ ಆಗಿಹೋಗಿತ್ತು. ಹಾಗೆಯೇ, 1964ರಲ್ಲಿ ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ 1983ರಲ್ಲಿ ಅಮೆರಿಕದ ಚಾರ್ಲಿ ಮರಿಯಾನೊ ಜೊತೆ 'ಜ್ಯೋತಿ' ಎಂಬ ಆಲ್ಬಮ್ ತಂದಿತು. ಹಾಡಿದವರು ನಮ್ಮ ಆರ್.ಎ. ರಮಾಮಣಿ. ಇವರಲ್ಲಿ ಯಾರು ತಮ್ಮತನ ಕಳೆದುಕೊಂಡರು ಹೇಳಿ? ತಮ್ಮದನ್ನು ಚೆನ್ನಾಗಿ ಬಲ್ಲವರಿಗೆ ಬೆರೆಯುವ ಭಯ ಇರುವುದಿಲ್ಲ.

ಅಷ್ಟೇ ಅಲ್ಲ, ಈ ಬೆರಕೆ ಹೊಸದೂ ಅಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಸಿದ್ದಿಗಳ ಢಮಾಮಿಯನ್ನು ನೆನೆಯಿರಿ. ಅವರ ಪೂರ್ವಿಕರು ಆಫ್ರಿಕಾದವರು. ನಾವೀಗ ಇರುವ ಈ ಕೊಲ್ಲಿಯ ಕರಾವಳಿಯಲ್ಲೂ ಲೀವಾ ಎಂಬ ಕುಣಿತವಿದೆ. ಅದರ ಬೇರು ಪೂರ್ವ ಆಫ್ರಿಕಾದಲ್ಲಿ. ಒಂದೇ ಕಡಲು ದಾಟಿದ ಚರ್ಮವಾದ್ಯಗಳು ಒಂದು ಕಡೆ ಕನ್ನಡದ ಮನೆ ಸೇರಿದವು, ಇನ್ನೊಂದು ಕಡೆ ಅರಬ್ಬಿಯ ಮನೆ. ಆದರೆ ಹಾಗೆ ಬಂದವರಲ್ಲಿ ಬಹಳಷ್ಟು ಜನ ಗುಲಾಮರಾಗಿ ಬಂದವರು, ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅದಕ್ಕೇ ಬೆರೆಸುವ ಕೆಲಸದಲ್ಲಿ ಕಲಾವಿದನ ಹೆಸರು ಮತ್ತು ಮರ್ಯಾದೆ ಮೊದಲು ಬರಬೇಕು ಅನ್ನುವುದು ನನ್ನ ಮಾತು.

ಇನ್ನು ಟ್ರ್ಯಾಕ್ ವಿಚಾರ. ನಾನು ಸಾಫ್ಟ್‌ವೇರಿನವನು, ಲೆಕ್ಕದಲ್ಲೇ ಹೇಳುತ್ತೇನೆ. ಒಬ್ಬರು ಮೂರರ ನಡೆಯಲ್ಲಿ, ಇನ್ನೊಬ್ಬರು ನಾಲ್ಕರ ನಡೆಯಲ್ಲಿ ಬಾರಿಸಿದರೆ ಹನ್ನೆರಡು ಮಾತ್ರೆಗೊಮ್ಮೆ ಇಬ್ಬರೂ ಕೂಡುತ್ತಾರೆ. ಐದು ಮತ್ತು ಏಳು ಆದರೆ ಮೂವತ್ತೈದಕ್ಕೆ. ಶಾಲೆಯಲ್ಲಿ ಕಲಿತ ಲ.ಸಾ.ಅ. ಇದೇ! ಯಾರೂ ತಮ್ಮ ನಡೆ ಬಿಡಬೇಕಿಲ್ಲ, ಕೂಡುವ ಜಾಗ ಗೊತ್ತಿದ್ದರೆ ಸಾಕು. ಆ ಜಾಗ ಸಿಗುವುದು ಎದುರುಬದುರು ಕೂತು ಅಭ್ಯಾಸ ಮಾಡಿದಾಗ. ಕುಣಿಯುವವರು ಒಂದು ಹೆಜ್ಜೆ ತಡ ಮಾಡಿದರೆ ಡೊಳ್ಳಿನವನು ಕಾಯುತ್ತಾನೆ, ಟ್ರ್ಯಾಕ್ ಕಾಯುವುದಿಲ್ಲ.

ಸ್ವರದಲ್ಲೂ ಎಚ್ಚರ ಬೇಕು. ಅರಬ್ಬರ ಬಯಾತಿ ಮಕಾಮ್‌ನ ಎರಡನೇ ಸ್ವರ ನಮ್ಮ ಶುದ್ಧ ರಿಷಭಕ್ಕೂ ಚತುಶ್ರುತಿ ರಿಷಭಕ್ಕೂ ನಡುವೆ ಇರುತ್ತದೆ. ಹಾರ್ಮೋನಿಯಂನಲ್ಲಿ ಆ ಮನೆಯೇ ಇಲ್ಲ. ಪಿಟೀಲಿನಲ್ಲಿ ಸಿಗುತ್ತದೆ, ಕಂಠದಲ್ಲಿ ಸಿಗುತ್ತದೆ. ಹಾಗಾಗಿ ಹಾಡು ಸೇರಿಸುವುದಾದರೆ ಕೀಬೋರ್ಡ್ ಬದಿಗಿಟ್ಟು ಪಿಟೀಲು ತೆಗೆದುಕೊಳ್ಳೋಣ.

2015ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ನಜ್ದಿ ಅರ್ದಾದಲ್ಲಿ ಗಂಡಸರು ಭುಜಕ್ಕೆ ಭುಜ ತಾಗಿಸಿ ಎರಡು ಸಾಲಾಗಿ ನಿಲ್ಲುತ್ತಾರೆ. ಕತ್ತಿ ಇದೆ, ಚರ್ಮವಾದ್ಯ ಇದೆ, ಆದರೆ ಅದರ ಪ್ರಾಣ ಇರುವುದು ಹಾಡುವ ಪದ್ಯದಲ್ಲಿ. ಆ ಪದ್ಯದ ಮೇಲೆ ನಮ್ಮ ಡೊಳ್ಳು ಗುಡುಗಿದರೆ ಅದು ಬೆರಕೆಯಲ್ಲ, ದಬ್ಬಾಳಿಕೆ. ನಮ್ಮ ಡೊಳ್ಳೂ ಬೀರೇಶ್ವರನ ಸೇವೆಯ ವಾದ್ಯ. ಅದನ್ನು ಕೇವಲ ಸದ್ದಿಗೆ ಬಳಸಿದರೆ ಹಾಲುಮತದ ಹಿರಿಯರಿಗೆ ಏನು ಹೇಳೋಣ? ಹಿಂದೆ ಬೇರೊಂದು ಊರಿನ ಕಾರ್ಯಕ್ರಮವೊಂದರಲ್ಲಿ, ರಜೆ ಹೊಂದಿಸಿಕೊಂಡು ಬಂದಿದ್ದ ಡೊಳ್ಳಿನ ತಂಡವನ್ನು ಮೂರೇ ನಿಮಿಷಕ್ಕೆ ಇಳಿಸಿ ಸಿನಿಮಾ ಹಾಡಿಗೆ ಜಾಗ ಮಾಡಿದ್ದನ್ನು ಕಂಡಿದ್ದೇನೆ. ನಮ್ಮ ಕಲೆಗೆ ನಾವೇ ಹೀಗೆ ಮಾಡಿದರೆ ಪರರ ಕಲೆಗೆ ಇನ್ನೇನು ಗೌರವ ಕೊಟ್ಟೇವು?

ಆದ್ದರಿಂದ ನನ್ನ ಸಲಹೆ ಇಷ್ಟು. ಅರ್ದಾ ತಂಡವನ್ನು ಮೊದಲೇ ಭೇಟಿಯಾಗಿ, ಯಾವುದನ್ನು ಮುಟ್ಟಬಾರದು ಎಂದು ಕೇಳೋಣ. ನಾಲ್ಕು ಶುಕ್ರವಾರ ಒಟ್ಟಿಗೆ ಅಭ್ಯಾಸ ಮಾಡೋಣ. ವೇದಿಕೆಯಲ್ಲಿ ಮೊದಲು ಐದೈದು ನಿಮಿಷ ಬೇರೆಬೇರೆ, ಆಮೇಲೆ ಹತ್ತು ನಿಮಿಷ ಕೂಡಿ. ಅವರ ಪದ್ಯ ಬಂದಾಗ ಡೊಳ್ಳು ತಗ್ಗಲಿ, ನಮ್ಮ ಗತ್ತು ಏರಿದಾಗ ಅವರು ದಾರಿ ಕೊಡಲಿ. ಕರೆಯೋಲೆಯಲ್ಲಿ ಎಲ್ಲ ಕಲಾವಿದರ ಹೆಸರೂ ಕನ್ನಡದಲ್ಲಿ, ಅರಬ್ಬಿಯಲ್ಲಿ ಇರಲಿ. ಸಂಭಾವನೆ ಇಬ್ಬರಿಗೂ ಸಮ.

ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಡೊಳ್ಳನ್ನು ಯೂಟ್ಯೂಬಿನಲ್ಲಿ ಮಾತ್ರ ಕೇಳಿದ್ದಾರೆ. ಅದು ಎದೆಗೆ ಬಡಿಯುವುದು ಹೇಗೆ ಅಂತ ಅವರಿಗೆ ಗೊತ್ತಾಗಲಿ. ಪಕ್ಕದವರ ಪದ್ಯಕ್ಕೆ ಅದು ತಗ್ಗುವುದನ್ನೂ ಅವರು ನೋಡಲಿ. ಕೈ ಎತ್ತಿ ಒಪ್ಪಿಗೆ ಕೊಡಿ, ಮುಂದಿನ ಶುಕ್ರವಾರವೇ ಶುರುಮಾಡೋಣ.

ಸಿರಿಗನ್ನಡಂ ಗೆಲ್ಗೆ!