ನೊಯ್ಯಲ್ ದಂಡೆಯ ನೆಲೆಗಳು



ಕರುಮತ್ತಂಪಟ್ಟಿ ಎಂದರೆ ನಿಮ್ಮಲ್ಲಿ ಅನೇಕರಿಗೆ ಕೊಯಮತ್ತೂರು–ಸೇಲಂ ಹೆದ್ದಾರಿಯಲ್ಲಿ ಬಸ್ಸು ನಿಲ್ಲುವ ಒಂದು ಊರು. ಅದರ ದಕ್ಷಿಣಕ್ಕೆ ಸೋಮನೂರು, ಇನ್ನೂ ಕೆಳಗೆ ಸಾಮಳಾಪುರದ ಕೆರೆ. ಆ ಕೆರೆಗೆ ನೀರು ಕೊಡುವುದು ನೊಯ್ಯಲ್ ನದಿ. ಈ ಸೀಮೆಯಲ್ಲಿ ಜನ ನೆಲೆಸಿದ ಕಥೆಯನ್ನು ಈ ನದಿಯಿಂದಲೇ ಆರಂಭಿಸಬೇಕು.

ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್, ಕೊಯಮತ್ತೂರು, ತಿರುಪ್ಪೂರುಗಳನ್ನು ದಾಟಿ ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಘಟ್ಟದ ಮಳೆನೆರಳಿನ ಈ ಬಯಲಿನಲ್ಲಿ ಅದು ವರ್ಷವಿಡೀ ತುಂಬಿ ಹರಿಯುವ ನದಿಯಲ್ಲ. ಆದ್ದರಿಂದಲೇ ಹಿಂದಿನವರು ಒಡ್ಡು ಕಟ್ಟಿ, ಕಾಲುವೆ ತೋಡಿ, ಮಳೆಗಾಲದ ನೀರನ್ನು ಕೆರೆಗಳಿಗೆ ತಿರುಗಿಸಿದರು. ಪೇರೂರು, ಉಕ್ಕಡಂ, ಸಿಂಗಾನಲ್ಲೂರು, ಸೂಲೂರು ಕೆರೆಗಳೆಲ್ಲ ಈ ಸಾಲಿನವು. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲಿ ನೀರು. ಬಾವಿಯಲ್ಲಿ ನೀರಿದ್ದರೆ ಊರು.

ನೀರು ಕಡಿಮೆಯಾದರೂ ದಾರಿ ದೊಡ್ಡದು. ಪಾಲಕ್ಕಾಡಿನ ಕಣಿವೆಯ ಮೂಲಕ ಪಶ್ಚಿಮ ಕರಾವಳಿಯ ವ್ಯಾಪಾರ ಈ ದಂಡೆಗೆ ಬಂತು. ವೆಳ್ಳಲೂರಿನಲ್ಲಿ ರೋಮನ್ ನಾಣ್ಯಗಳು ದೊರೆತಿವೆ. ತಿರುಪ್ಪೂರಿನಿಂದ ಕೆಳಗೆ, ಕೊಡುಮಣಲಿನ ಉತ್ಖನನದಲ್ಲಿ ಬಣ್ಣದ ಕಲ್ಲಿನ ಮಣಿಗಳು, ಕಬ್ಬಿಣ ಕಾಸಿದ ಕುಲುಮೆಗಳು, ತಮಿಳು ಬ್ರಾಹ್ಮಿಯಲ್ಲಿ ಹೆಸರು ಕೊರೆದ ಮಡಕೆ ಚೂರುಗಳು ಸಿಕ್ಕಿವೆ.

ಕನ್ನಡ ಬಂದದ್ದು ಉತ್ತರದ ಘಟ್ಟಗಳನ್ನಿಳಿದು. ಹೊಯ್ಸಳರು ಈ ನಾಡನ್ನಾಳಿದರು; ಮುಂದೆ ಮೈಸೂರಿನ ಆಳ್ವಿಕೆ 1799ರವರೆಗೆ ನಡೆಯಿತು. ಕೊಳ್ಳೇಗಾಲವಂತೂ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಒಕ್ಕಲಿಗರು ನೇಗಿಲಿನೊಡನೆ, ದೇವಾಂಗರು ಮಗ್ಗದೊಡನೆ ಇಲ್ಲಿ ಬೇರೂರಿದರು. ದೇವಾಂಗರು ನೆಲೆಸಿದ ಕಡೆ ಚೌಡೇಶ್ವರಿಯ ಗುಡಿಯೂ ಎದ್ದಿತು. ಕೈಮಗ್ಗದ ಸದ್ದಿದ್ದ ಸೋಮನೂರಿನ ಸುತ್ತ ಈಗ ವಿದ್ಯುತ್ ಮಗ್ಗಗಳ ಸದ್ದು.

ಬಟ್ಟೆಯಿಂದ ಬದುಕಿದ ದಂಡೆಗೆ ಬಟ್ಟೆಯ ಬಣ್ಣವೇ ಮುಳುವಾಯಿತು. ಒರತ್ತುಪಾಳೆಯಂ ಅಣೆಕಟ್ಟು 1992ರಲ್ಲಿ ಎದ್ದದ್ದು ಬೇಸಾಯಕ್ಕೆ. ಅಲ್ಲಿ ನಿಂತದ್ದು ತಿರುಪ್ಪೂರಿನ ಬಣ್ಣದ ನೀರು. ಕೆಳಗಿನ ಹೊಲಗಳು ಕೆಟ್ಟವು. ಕೊನೆಗೆ 2011ರ ಜನವರಿಯಲ್ಲಿ, ಕೊಳೆನೀರನ್ನು ಹೊರಬಿಡುತ್ತಿದ್ದ ಬಣ್ಣದ ಘಟಕಗಳನ್ನು ಮುಚ್ಚಲು ಮದರಾಸು ಉಚ್ಚ ನ್ಯಾಯಾಲಯ ಆದೇಶಿಸಿತು.

ನದಿಯ ಪರವಾಗಿ ರೈತರು ನ್ಯಾಯಾಲಯಕ್ಕೆ ಹೋದರು. ನಮ್ಮ ಮಾತಿನ ಪರವಾಗಿ ಹೋಗಲು ಯಾವ ನ್ಯಾಯಾಲಯವೂ ಇಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಎರಡೂ ನಮ್ಮವೇ. ಆದರೆ ಮನೆಯ ಮಾತಿನಲ್ಲಿರುವ ಊರಿನ ಚರಿತ್ರೆಯನ್ನು ಬರೆದಿಟ್ಟವರು ವಿರಳ. ನಿಮ್ಮ ಅಜ್ಜಿಯನ್ನು ಕೇಳಿರಿ: ನಮ್ಮವರು ಯಾವ ಘಟ್ಟ ಇಳಿದು ಬಂದರು? ಮೊದಲು ಯಾವ ಕೆರೆಯ ಬಳಿ ನಿಂತರು? ಯಾವ ಬಾವಿಯ ನೀರು ಕುಡಿದರು? ಹೇಳಿದ್ದನ್ನು ಬರೆದಿಡಿರಿ. ಕನ್ನಡದ ಅಕ್ಷರ ಬಾರದಿದ್ದರೆ ತಮಿಳಿನ ಅಕ್ಷರದಲ್ಲೇ ಬರೆಯಿರಿ.