ಎಲುಬಿನ ಗಂತಿ: ಸೌಮ್ಯವೋ, ಮಾರಕವೋ?



ಎಲುಬಿನ ಮೇಲೆ ಗಂಟೊಂದು ಕೈಗೆ ಸಿಕ್ಕಿತೆಂದರೆ ಮನೆಮಂದಿಯೆಲ್ಲ ಅದನ್ನು ಕ್ಯಾನ್ಸರೆಂದೇ ಭಾವಿಸಿ ಬೆದರುವುದುಂಟು. ನಿಜವಾಗಿ ಅಂಜಬೇಕಾದ ನೋವನ್ನು ವಾಯುವೆಂದು ತಳ್ಳಿಹಾಕಿ, ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಳ್ಳುವವರೂ ಉಂಟು. ಮೃದ್ವಸ್ಥಿಯಿಂದ ಹುಟ್ಟುವ ಗಂತಿಗಳ ವಿಷಯದಲ್ಲಿ ಈ ಎರಡು ಬಗೆಯ ತಪ್ಪುಗಳಿಗೂ ಅವಕಾಶವಿದೆ.

ಮೃದ್ವಸ್ಥಿಯೆಂದರೆ ಮೂಗಿನ ತುದಿಯಲ್ಲಿ ಕೈಗೆ ಸಿಕ್ಕುವ, ಒತ್ತಿದರೆ ಮಣಿಯುವ ಮೆತ್ತನೆಯ ಎಲುಬು. ಮಕ್ಕಳ ಕೈಕಾಲುಗಳ ಎಲುಬು ಉದ್ದವಾಗುವುದು ಅದರ ತುದಿಯ ಬಳಿಯಿರುವ ಮೃದ್ವಸ್ಥಿಯ ಪದರದಿಂದ. ಈ ಪದರದ ಚೂರೊಂದು ಪಕ್ಕಕ್ಕೆ ಸರಿದು ಬೆಳೆದರೆ ಹೊರಚಾಚಿದ ಗಂಟಾಗುತ್ತದೆ. ಇದಕ್ಕೆ ಆಸ್ಟಿಯೋಕಾಂಡ್ರೋಮ ಎಂದು ಹೆಸರು. ಮಂಡಿಯ ಸುತ್ತ ಹೆಚ್ಚಾಗಿ ಕಾಣುವ ಈ ಗಂತಿ ಸೌಮ್ಯವಾದುದು. ಮಗು ಬೆಳೆಯುವಷ್ಟು ಕಾಲ ತಾನೂ ಬೆಳೆದು, ಅನಂತರ ನಿಲ್ಲತಕ್ಕದ್ದು. ಪ್ರಾಯ ತುಂಬಿದವರಲ್ಲಿ ಹಳೆಯ ಗಂಟು ಪುನಃ ಬೆಳೆಯತೊಡಗಿದರೆ, ಅಥವಾ ಅದರ ಮೇಲಣ ಮೃದ್ವಸ್ಥಿಯ ಟೊಪ್ಪಿಗೆ 2 ಸೆಂಟಿಮೀಟರಿಗಿಂತ ದಪ್ಪವಾಗಿ ಕಂಡರೆ, ಅನುಮಾನಿಸಬೇಕು.

ಕೆಲವರಿಗೆ ಇಂತಹ ಗಂಟುಗಳು ಮೈಯ ಹಲವೆಡೆ ಏಳುತ್ತವೆ. ಇದು ವಂಶಪಾರಂಪರ್ಯದ್ದು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಎರಡರಲ್ಲೊಂದು. ಇದಕ್ಕಾಗಿ ಗ್ರಹಣವನ್ನಾಗಲಿ, ಬಸಿರಿನಲ್ಲಿ ತಾಯಿ ತಿಂದ ಆಹಾರವನ್ನಾಗಲಿ ದೂರುವುದು ಸಲ್ಲದು.

ಎಲುಬಿನ ಒಳಗೇ ಬೆಳೆಯುವ ಸೌಮ್ಯ ಗಂತಿ ಎನ್‌ಕಾಂಡ್ರೋಮ. ಕೈಬೆರಳುಗಳ ಎಲುಬು ಇದರ ಮೆಚ್ಚಿನ ತಾಣ. ಸಣ್ಣ ಪೆಟ್ಟಿಗೇ ಬೆರಳು ಮುರಿದಾಗ ತೆಗೆದ ಕ್ಷ-ಕಿರಣ ಚಿತ್ರದಲ್ಲಿ ಇದು ಬೆಳಕಿಗೆ ಬರುವುದೇ ಹೆಚ್ಚು.

ಮಾರಕ ಗಂತಿಯಾದ ಕಾಂಡ್ರೋಸಾರ್ಕೋಮ ಸಾಮಾನ್ಯವಾಗಿ 40 ವರ್ಷ ದಾಟಿದವರದು. ಸೊಂಟದ ಎಲುಬು, ತೊಡೆಯ ಮೇಲ್ಭಾಗ, ಭುಜ, ಪಕ್ಕೆಲುಬು ಇದರ ಸ್ಥಾನಗಳು. ವಿಶ್ರಾಂತಿಯಲ್ಲಿಯೂ ಬಿಡದೆ, ರಾತ್ರಿ ನಿದ್ರೆಗೆಡಿಸುವ ನೋವು ಇದರ ಮುಖ್ಯ ಕುರುಹು. ಅನೇಕ ವೇಳೆ ಇದು ನಿಧಾನವಾಗಿ ಬೆಳೆಯುವುದರಿಂದಲೇ ಜನ ಮೋಸಹೋಗುವುದು. ಕ್ಷ-ಕಿರಣ ಚಿತ್ರದಲ್ಲಿ ಉಂಗುರ ಮತ್ತು ಕಮಾನಿನಂತಹ ಬಿಳಿಯ ಗುರುತುಗಳು ಎರಡರಲ್ಲಿಯೂ ಇರಬಹುದು. ಅವುಗಳಿಂದ ಗಂತಿಯ ಮೂಲ ತಿಳಿದೀತೇ ವಿನಾ ಸ್ವಭಾವ ತಿಳಿಯದು. ಉದ್ದನೆಯ ಎಲುಬಿನ ಗೋಡೆಯನ್ನು ಒಳಗಿನಿಂದ ಮೂರರಲ್ಲಿ ಎರಡು ಪಾಲಿಗಿಂತ ಆಳವಾಗಿ ಕೊರೆದಿದ್ದರೆ, ಅಥವಾ ಗೋಡೆಯೊಡೆದು ಮಾಂಸಖಂಡಕ್ಕೆ ನುಗ್ಗಿದ್ದರೆ, ಮಾರಕವೆಂಬ ಶಂಕೆ ಬಲವಾಗುತ್ತದೆ.

ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೀರಿತಲ್ಲವೇ ಎಂದು ತಾವು ಕೇಳಬಹುದು. ತೀರದು. ಬೆರಳಿನ ಸೌಮ್ಯ ಗಂತಿಯಲ್ಲಿ ಕಣ್ಣಿಗೆ ಬೀಳುವ ಗಾಬರಿಗೊಳಿಸುವ ಜೀವಕೋಶಗಳೇ ಸೊಂಟದೆಲುಬಿನಲ್ಲಿ ಕಂಡರೆ ಅರ್ಥ ಬೇರೆ. ಆದುದರಿಂದ ಕ್ಷ-ಕಿರಣ ಚಿತ್ರವನ್ನೂ ರೋಗಿಯ ವಯಸ್ಸನ್ನೂ ನೋವಿನ ವಿವರವನ್ನೂ ಬದಿಗಿಟ್ಟು ಕೊಡುವ ವರದಿಗೆ ನನ್ನ ದೃಷ್ಟಿಯಲ್ಲಿ ಬೆಲೆ ಕಡಿಮೆ.

ಈ ಮಾರಕ ಗಂತಿಯ ಸಾಮಾನ್ಯ ಬಗೆ ಔಷಧಿಗಾಗಲಿ ವಿಕಿರಣ ಚಿಕಿತ್ಸೆಗಾಗಲಿ ಅಷ್ಟಾಗಿ ಬಗ್ಗುವುದಿಲ್ಲ; ಪೂರ್ಣವಾಗಿ ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆಯೇ ಮುಖ್ಯ ಆಧಾರ. ಸೂಜಿ ಹಾಯ್ದ ದಾರಿಯಲ್ಲಿಯೂ ರೋಗದ ಕಣಗಳು ಉಳಿಯಬಹುದಾದ್ದರಿಂದ, ಮುಂದೆ ಶಸ್ತ್ರಕ್ರಿಯೆ ಮಾಡುವ ವೈದ್ಯರ ಯೋಜನೆಯಂತೆಯೇ ಚೂರು ತೆಗೆಸತಕ್ಕದ್ದು. ಅನುಮಾನವಿರುವವರು ಗಂಟನ್ನು ತಿಕ್ಕಿಸದೆ, ಜಿಲ್ಲಾ ಆಸ್ಪತ್ರೆಯ ಮೂಲಕ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕೇಂದ್ರಕ್ಕೆ ಹೋಗುವುದು ಲೇಸು. ಹೋಗುವಾಗ ಹಳೆಯ ಕ್ಷ-ಕಿರಣ ಚಿತ್ರಗಳನ್ನು, ಎಷ್ಟೇ ಮಾಸಿದ್ದರೂ, ತಪ್ಪದೆ ಜೊತೆಗೆ ಒಯ್ಯಿರಿ. ಗಂಟು ಬೆಳೆದಿದೆಯೇ ಇಲ್ಲವೇ ಎಂಬುದನ್ನು ಅವುಗಳಿಂದಲೇ ಅಳೆಯಬೇಕಾಗಿದೆ.